ಒಂದೇ ಕೋರ್‌ಗೆ ಎರಡು ಕೆಲಸ

"ಪ್ರೊಸೆಸರ್ ಆರಿಸೋದು ನನಗೆ ಬಿಡು. ಅಂಗಡಿಯವನು ಟೋಪಿ ಹಾಕೋಕೆ ನಾನೇನು ಎಳೆ ಮಗುವಾ?" ಎಂದು ವಿಮಾ ಕಚೇರಿಯ ಗುಮಾಸ್ತರು ಎದೆ ತಟ್ಟಿಕೊಂಡರು ನೋಡಿ, ಅಂದಿನಿಂದಲೇ ಮನೆಗೆ ಗ್ರಹಚಾರ ಶುರು!

ಅವರ ಹೆಂಡತಿ ಮನೆಯಲ್ಲೇ ಕೂತು ಕಟ್ಟಡಗಳ ನಕ್ಷೆ ಬಿಡಿಸುವಾಕೆ. "ಕಂಪ್ಯೂಟರ್ ಸ್ವಲ್ಪ ನಿಧಾನ ರೀ, ಹೊಸದು ತರೋಣ" ಎಂದಿದ್ದಳು, ಅಷ್ಟೇ. ಎಂಟು ತಿಂಗಳು ಕಾದ ಮೇಲೆ ಸಿಕ್ಕ ಮೊದಲ ದೊಡ್ಡ ಕೆಲಸ, ಮೂರು ಮಹಡಿಯ ಆಸ್ಪತ್ರೆ. ತಿಂಗಳ ಕೊನೆಯ ಶುಕ್ರವಾರ ಸಂಜೆ ಐದು ಗಂಟೆಯೊಳಗೆ ನಕ್ಷೆ ಕೊಡದಿದ್ದರೆ ಕೆಲಸ ಬೇರೆಯವರ ಪಾಲು.

ಗುಮಾಸ್ತರು ಸಂಶೋಧನೆಗಿಳಿದರು. ಪ್ರೊಸೆಸರಿನೊಳಗಿನ ಒಂದೇ ಕೋರ್ ಏಕಕಾಲಕ್ಕೆ ಎರಡು ಕೆಲಸ ನಿಭಾಯಿಸುವ ಮಲ್ಟಿಥ್ರೆಡಿಂಗ್ ಬೇಕೋ, ಬೇಡವೋ? ಅರ್ಧ ಜಗತ್ತು ಬೇಕೇ ಬೇಕು ಅನ್ನುತ್ತದೆ, ಉಳಿದರ್ಧ ದಂಡ ಅನ್ನುತ್ತದೆ! ಹೆಂಡತಿ ಊಟಕ್ಕೆ ಎದ್ದರೆ ಸಾಕು, ಇವರು ಆ ಕುರ್ಚಿಯಲ್ಲಿ ಪ್ರತಿಷ್ಠಾಪನೆ. ಹೀಗೇ ಮೂರು ವಾರ ಕಳೆಯಿತು.

"ಇವತ್ತಾದ್ರೂ ತರ್ತೀರಾ?"

"ಅವಸರ ಮಾಡಬೇಡ. ನಿನ್ನ ಸಾಫ್ಟ್‌ವೇರ್‌ಗೆ ಮಲ್ಟಿಥ್ರೆಡಿಂಗ್‌ನಿಂದ ಲಾಭ ಇದೆಯಾ ಅನ್ನೋದೇ ಇನ್ನೂ ಇತ್ಯರ್ಥ ಆಗಿಲ್ಲ."

"ನಕ್ಷೆ ತೆರೆಯೋಕೆ ಹನ್ನೊಂದು ನಿಮಿಷ ಹಿಡೀತಿದೆ. ಅದಂತೂ ಇತ್ಯರ್ಥ ಆಗಿದೆ!"

"ನೋಡಿದ್ಯಾ? ಈ ಮುದಿ ಯಂತ್ರಕ್ಕೆ ಎರಡು ಕೆಲಸ ಒಟ್ಟಿಗೆ ಮಾಡೋ ತಾಕತ್ತೇ ಇಲ್ಲ!"

ಗಡುವಿನ ಶುಕ್ರವಾರ ಮಧ್ಯಾಹ್ನ ಆಕೆ ನಕ್ಷೆಯಲ್ಲಿ ಎರಡನೇ ಮಹಡಿಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಪರದೆ ಕಲ್ಲಾಗಿ ಕೂತಿತು. "ಹೋಯ್ತು ರೀ ನನ್ನ ಕೆಲಸ!" ಎಂದು ಆಕೆ ಅತ್ತೇಬಿಟ್ಟಳು. ಗುಮಾಸ್ತರು ವೈರುಗಳನ್ನೆಲ್ಲ ಕಿತ್ತರು. ಕಂಪ್ಯೂಟರನ್ನು ಕಂಕುಳಿಗೆ ಏರಿಸಿಕೊಂಡು, ಹೆಂಡತಿಯೊಡನೆ ರಿಪೇರಿ ಅಂಗಡಿಗೆ ಓಡಿದರು.

ರಿಪೇರಿಯವನು ಎರಡು ಗುಂಡಿ ಒತ್ತಿ ಹುಬ್ಬೇರಿಸಿದ. "ಪ್ರೊಸೆಸರ್ ಪರೀಕ್ಷೆ ಮಾಡೋ ಪ್ರೋಗ್ರಾಂ ಯಾರು ಸಾರ್ ಹಾಕಿದ್ದು? ಆನ್ ಮಾಡಿದ ಕ್ಷಣದಿಂದ ಓಡ್ತಾನೇ ಇದೆ. ಮೂರು ವಾರದಿಂದ ಎಲ್ಲ ಕೋರ್‌ಗಳನ್ನೂ ಅರೆದು ಹಾಕ್ತಿದೆ!"

ಹಳೆಯದರಲ್ಲಿ ಮಲ್ಟಿಥ್ರೆಡಿಂಗ್ ಇದೆಯೇ ಎಂದು ನೋಡಲು ಸ್ವತಃ ಗುಮಾಸ್ತರೇ ಹಾಕಿ, ನಿಲ್ಲಿಸಲು ಮರೆತಿದ್ದರು. ಅವನು ಅದನ್ನು ಕಿತ್ತೆಸೆದು, ಫ್ಯಾನಿನ ಧೂಳು ಊದಿದ. ನಕ್ಷೆ ಪಟ್ಟನೆ ತೆರೆಯಿತು! ಆಕೆ ಅಲ್ಲೇ ಸ್ಟೂಲೆಳೆದು ಕೂತು, ಗಂಡನತ್ತ ತಿರುಗಿಯೂ ನೋಡದೆ ಮುಗಿಸಿ, ಐದಕ್ಕೆ ಏಳು ನಿಮಿಷ ಇರುವಾಗ ಕಳಿಸಿದಳು.

ವಾಪಸಾಗುವಾಗ ಗುಮಾಸ್ತರು ಮೆಲ್ಲಗೆ ಬಾಯಿಬಿಟ್ಟರು. "ಹಾಗಾದ್ರೆ ಹೊಸ ಪ್ರೊಸೆಸರ್...?"

"ಯಾಕೆ? ಒಟ್ಟಿಗೆ ಎರಡು ಕೆಲಸ ಮಾಡೋದು ಬೇಕಿತ್ತಲ್ವಾ ನಿಮಗೆ? ಪಾಪ, ಈ ಮುದಿ ಯಂತ್ರ ಮೂರು ವಾರದಿಂದ ಅದನ್ನೇ ಮಾಡ್ತಿತ್ತು. ನನ್ನ ನಕ್ಷೆ ಒಂದು, ನಿಮ್ಮ ಕಿತಾಪತಿ ಇನ್ನೊಂದು!"