ದಲ್ಲಾಳಿಯ ಬಾಯಿ, ಮೊಬೈಲಿನ ಕಿವಿ

ಮದುವೆ ದಲ್ಲಾಳಿಗೆ ನಗೋ ವಿಷಯ ಹುಡುಕಿಕೊಂಡು ಹೋಗೋ ಕಷ್ಟ ಇಲ್ಲ. ನಾನು ಕಾಫಿ ಕುಡಿಯೋಕೆ ಮುಂಚೆ ಅದೇ ಫೋನ್ ಮಾಡಿ ಎಬ್ಬಿಸುತ್ತೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕಿನಲ್ಲಿ ಇಪ್ಪತ್ತೈದು ವರ್ಷದಿಂದ ಗಂಡಿಗೆ ಹೆಣ್ಣು, ಹೆಣ್ಣಿಗೆ ಗಂಡು ತೋರಿಸಿಕೊಂಡು ಬಂದವನು ನಾನು. ಯಾವ ಹುಡುಗಿಯ ನಿಜವಾದ ವಯಸ್ಸೆಷ್ಟು, ಯಾವ ಹುಡುಗ ಟೋಪಿ ಯಾಕೆ ತೆಗೆಯಲ್ಲ, ಎಲ್ಲ ನನ್ನ ತಲೆಯಲ್ಲೇ ಇತ್ತು. ಈಚೆಗೆ ಆ ತಲೆ ಕೈಕೊಟ್ಟಿತು. ಒಂದು ಭಾನುವಾರ ಹುಡುಗನ ಕಡೆಯ ಒಂಬತ್ತು ಜನರನ್ನು ಕರೆದುಕೊಂಡು ಹೋಗಿ, ಮದುವೆಯಾಗಿ ಎರಡು ಮಕ್ಕಳಿರೋ ಹೆಣ್ಣಿನ ಮನೆಯಲ್ಲಿ ಕೂರಿಸಿಬಿಟ್ಟೆ. ಉಪ್ಪಿಟ್ಟು ಚೆನ್ನಾಗಿತ್ತು. ಗಂಡನೇ ಬಡಿಸಿದ.

ಇಲ್ಲಿ ಹೇಳೋದರಲ್ಲಿ ಮುಕ್ಕಾಲು ಪಾಲು ನಡೆದದ್ದೇ. ಉಳಿದ ಕಾಲು ಪಾಲು ನಡೆಯಬೇಕಾಗಿತ್ತು.

ಒಪ್ಪಿಗೆ

ಉಪ್ಪಿಟ್ಟಿನ ಕಥೆ ಕೇಳಿ ಮಾಲೂರಿನ ಅಕ್ಕನ ಮಗಳು ನನ್ನ ಮೊಬೈಲ್ ಕಿತ್ತುಕೊಂಡಳು. ಅವಳು ನರಸಾಪುರದ ಫ್ಯಾಕ್ಟರಿಯಲ್ಲಿ ತಯಾರಾದ ಮಾಲು ಸರಿ ಇದೆಯಾ ಅಂತ ಪರೀಕ್ಷೆ ಮಾಡೋಳು. ಮನುಷ್ಯರನ್ನೂ ಹಾಗೇ ನೋಡ್ತಾಳೆ.

"ಮಾವ, ಇದೊಂದು ಎಐ ಆಪ್. ನೀವು ಮಾತಾಡ್ತಾ ಇರಿ, ಯಾರು ಏನಂದ್ರು ಅಂತ ಅದೇ ಕೇಳಿಸ್ಕೊಂಡು ಸಾರಾಂಶ ಬರೆದು ಕೊಡುತ್ತೆ."

ನನಗೆ ಕುಣಿಯೋ ಹಾಗಾಯಿತು. ಇಪ್ಪತ್ತೈದು ವರ್ಷದಲ್ಲಿ ನನ್ನ ಮಾತು ಪೂರ್ತಿ ಕೇಳಿಸಿಕೊಂಡವರು ಯಾರೂ ಇರಲಿಲ್ಲ, ಹೆಂಡತಿಯನ್ನೂ ಸೇರಿಸಿ.

ಅವಳು ಷರತ್ತುಗಳನ್ನು ಒಂದೊಂದೇ ಓದತೊಡಗಿದಳು. ಅವಳು ಓದಿ ಮುಗಿಸೋಕೆ ಮುಂಚೆಯೇ ನಾನು ಒಪ್ಪಿದೆ, ಒಪ್ಪಿದೆ ಅಂತ ಒತ್ತುತ್ತಾ ಹೋದೆ.

"ತಡೀರಿ ಮಾವ. ಜನರ ಜಾತಕ, ಕಾಯಿಲೆ, ಮನೆ ಗುಟ್ಟು, ಎಲ್ಲ ದೊಡ್ಡ ಕಂಪನಿಯ ಕಂಪ್ಯೂಟರಿಗೆ ಹೋಗುತ್ತೆ. ನಂಬ್ತೀರಾ ಅವರನ್ನ?"

"ಆ ಕಂಪ್ಯೂಟರ್ ಎಲ್ಲಿದೆ?"

"ಸಮುದ್ರದ ಆಚೆ ಎಲ್ಲೋ."

"ಹಂಗಾದ್ರೆ ಭಯ ಇಲ್ಲ ಬಿಡು. ಇಲ್ಲೇ ಪಕ್ಕದ ಬೇತಮಂಗಲದಲ್ಲಿ ಇದ್ದಿದ್ರೆ ಯೋಚನೆ ಮಾಡ್ಬೇಕಿತ್ತು."

ಅವಳು ನಗಲಿಲ್ಲ. ಮೊಬೈಲ್ ಕೈಗಿಟ್ಟು, "ಮಾವ, ನನಗೂ ಗಂಡು ನೋಡ್ತಿದ್ದೀರಲ್ಲ, ಇದ್ರಲ್ಲಿ ಮೊದಲು ನಂದೇ ಒಂದು ಮಾತು ಬರಲಿ. ನಾನು ಕೆಲಸ ಬಿಡಲ್ಲ" ಅಂದಳು. ಅದುವರೆಗೂ ನೋಡಿಕೊಂಡು ಹೋದ ನಾಲ್ಕು ಗಂಡುಗಳೂ ಆ ಒಂದು ಮಾತಿಗೇ ಎದ್ದು ಹೋಗಿದ್ದವು. ಅಕ್ಕ ಬಾಗಿಲಲ್ಲಿ ನಿಂತು ಹೇಳಿದಳು: "ಊರೋರಿಗೆಲ್ಲ ಮದುವೆ ಮಾಡಿಸ್ತೀಯ ಕಣೋ. ಐದನೇದೂ ಹಿಂಗೇ ಆದ್ರೆ ಈ ಹೊಸಿಲು ತುಳೀಬೇಡ."

ಆಪ್ ಅದನ್ನೂ ಬರೆದುಕೊಂಡಿತು. "ನಿರ್ಧಾರ: ದಲ್ಲಾಳಿಗೆ ಇದು ಕೊನೆಯ ಅವಕಾಶ."

ಹೋಳೂರಿನ ಮೂರನೆಯವರು

ಹೋಳೂರಿನಲ್ಲಿ ಒಬ್ಬರು ಯಜಮಾನರು, ಮಗನಿಗೆ ಹೆಣ್ಣು ಹುಡುಕುತ್ತಿದ್ದರು. ಟಿವಿಯಲ್ಲಿ ಮೊಬೈಲ್ ಬಗ್ಗೆ ಏನೋ ನೋಡಿ ಹೆದರಿದ್ದರು. ಅವರಿಗೆ ಕಿವಿ ಸ್ವಲ್ಪ ದೂರ.

"ಅದು ನನ್ನ ಮನೆ ವಿಷಯ ಕದಿಯುತ್ತೆ. ಆಚೆ ಇಟ್ಟು ಬನ್ನಿ," ಅಂದರು.

ನಾನು ಮೊಬೈಲನ್ನು ಕೊಟ್ಟಿಗೆಯ ಗೂಡಿನಲ್ಲಿಟ್ಟು ಬಂದೆ. ಯಜಮಾನರು ಬಾಗಿಲು ಹಾಕಿ, ಕಿಟಕಿ ಹಾಕಿ, ನನ್ನ ಪಕ್ಕಕ್ಕೆ ಸರಿದು ಕೂತು ಗುಟ್ಟು ಹೇಳಿದರು. ಕಿವಿ ದೂರ ಇರೋರ ಗುಟ್ಟು ಹೇಗಿರುತ್ತೆ ಅಂತ ನಿಮಗೆ ಗೊತ್ತು. ಕೆರೆ ಏರಿ ಮೇಲೆ ಹೋಗ್ತಿದ್ದವರು ನಿಂತು ಕೇಳಿಸಿಕೊಂಡು ಹೋದರು.

ಸಾರಾಂಶ ಒಂದಕ್ಷರ ಬಿಡದೆ ಬಂದಿತ್ತು. ಹುಡುಗ ಡಿಗ್ರಿಯಲ್ಲಿ ಎರಡು ಸಲ ಫೇಲಾಗಿದ್ದು, ಅತ್ತೆಗೂ ಹಿರೀ ಸೊಸೆಗೂ ಜಗಳ, ಯಜಮಾನರ ಮೂಲವ್ಯಾಧಿ. ಕೊನೆಯಲ್ಲಿ ಹೀಗಿತ್ತು: "ಭಾಗವಹಿಸಿದವರು ಮೂವರು. ಮೂರನೆಯವರು ಹೆಚ್ಚು ಮಾತನಾಡಲಿಲ್ಲ. ಹುಡುಗನ ಗುಣವನ್ನು ಹೊಗಳಿದಾಗ ಮಾತ್ರ ಎರಡು ಬಾರಿ ಆಕ್ಷೇಪಣೆ ಎತ್ತಿದರು."

ಯಜಮಾನರಿಗೆ ಓದಿ ಹೇಳಿದೆ. ಅವರು ಕೊಟ್ಟಿಗೆಯ ಕಡೆ ತಿರುಗಿ ನೋಡಿ, "ಆ ಸೀಮೆ ಹಸುವಿಗೆ ಅವನು ಮೇವು ಸರಿಯಾಗಿ ಹಾಕಲ್ಲ," ಅಂದರು.

ಶೇರ್ವಾನಿ

ಶ್ರೀನಿವಾಸಪುರದಲ್ಲಿ ನನ್ನ ಹಳೇ ಗೆಳೆಯ ಟೈರ್ ಅಂಗಡಿ ಇಟ್ಟಿದ್ದಾನೆ. ಆಪ್ ವಿಷಯ ಕೇಳಿ ನಕ್ಕ. "ಲೇ, ನಾವೇನು ಮಂತ್ರಿಗಳಾ? ನಮ್ಮ ಮಾತು ಕೇಳಿ ಕಂಪನಿಗೇನಾಗ್ಬೇಕು?"

ಅವನು ಪಂಕ್ಚರ್ ನೋಡೋಕೆ ಆಚೆ ಹೋದಾಗ ಅವನ ಮೊಬೈಲ್ ಮೇಜಿನ ಮೇಲೇ ಇತ್ತು. ನಾನು ಬಾಗಿ ಅದರ ಹತ್ತಿರ ಮೆಲ್ಲಗೆ ಹೇಳಿದೆ: "ಎರಡನೇ ಮದುವೆ. ಐವತ್ತು ವಯಸ್ಸಿನ ವರ. ಶೇರ್ವಾನಿ." ಹತ್ತು ಸಲ ಹೇಳಿದೆ.

ಮಾರನೇ ದಿನ ಅವನ ಹೆಂಡತಿ ಅವನ ಮೊಬೈಲ್ ತೆಗೆದರೆ ಬರೀ ಜಾಹೀರಾತು: ಶೇರ್ವಾನಿ, ಪೇಟ, ಬಿಳಿಕೂದಲಿಗೆ ಬಣ್ಣ. ಆಯಮ್ಮ ನನಗೇ ಫೋನ್ ಮಾಡಿದಳು. "ಅಣ್ಣಾ, ಯಾರಿಗೆ ನೋಡ್ತಿದ್ದೀರಿ, ನಿಮ್ಮ ಗೆಳೆಯರಿಗಾ?"

ಮೂರು ದಿನ ಅವನಿಗೆ ಅಂಗಡಿಯೇ ಮನೆ. ನಾಲ್ಕನೇ ದಿನ ನಾನೇ ಹೋಗಿ, ದೊಡ್ಡ ಕಂಪನಿಗಳು ಹೇಗೆ ಕದ್ದು ಕೇಳುತ್ತವೆ ಅಂತ ಆಯಮ್ಮನಿಗೆ ಒಂದು ಗಂಟೆ ಬಿಡಿಸಿ ಹೇಳಿ ರಾಜಿ ಮಾಡಿಸಿದೆ. ಪಿಸುಮಾತು ಹೇಳಿದ ಮೇಲೆ ಅದೇ ಮೊಬೈಲಿನಲ್ಲಿ ನಾಲ್ಕು ಬಟ್ಟೆ ಅಂಗಡಿಗಳನ್ನೂ ನಾನೇ ತೆರೆದು ನೋಡಿದ್ದೆ, ಅದನ್ನು ಮಾತ್ರ ಹೇಳಲಿಲ್ಲ. ಅಷ್ಟು ದೂರದಿಂದ ಬಂದು ನಾವು ಕದ್ದು ಕೇಳಿಲ್ಲ ಅನ್ನೋಕೆ ಕಂಪನಿಯವರಿಗೆ ಪುರುಸೊತ್ತೆಲ್ಲಿ?

ಐದನೇ ಗಂಡು

ಅಕ್ಕನ ಮಗಳನ್ನು ನೋಡೋಕೆ ಮುಳಬಾಗಿಲಿನವರು ಬಂದರು. ಹುಡುಗನದು ಮೋಟಾರ್ ರಿವೈಂಡಿಂಗ್ ಅಂಗಡಿ, ಮಾತು ಕಡಿಮೆ. ಜೊತೆಗೆ ಅವನ ತಂದೆ ತಾಯಿ. ಮನೆಮಾತು ತೆಲುಗು. ಮಾಲೂರಿನ ಅಕ್ಕನಿಗೂ ಮಗಳಿಗೂ ತೆಲುಗು ತಲೆಬುಡ ಗೊತ್ತಿಲ್ಲ.

ನಾನು ಮೊಬೈಲನ್ನು ಟೀಪಾಯಿ ಮೇಲಿಟ್ಟು ಜಂಭದಿಂದ ಹೇಳಿದೆ: "ಇದು ಎಲ್ಲ ಬರ್ಕೊಳ್ಳುತ್ತೆ. ಕನ್ನಡ ಅಂತೂ ಚೆನ್ನಾಗಿ ಬರುತ್ತೆ. ನಿಮಗೇನೂ ಅಭ್ಯಂತರ ಇಲ್ವಲ್ಲ?"

ಹುಡುಗನ ತಂದೆ ಕಾಲ ಮೇಲೆ ಕಾಲು ಹಾಕಿಕೊಂಡರು. "ಬರ್ಕೊಳ್ಳಲಿ. ನಮ್ಮ ಮನೇಲಿ ಮುಚ್ಚುಮರೆ ಇಲ್ಲ."

ಹುಡುಗಿ ಕಾಫಿ ಕೊಟ್ಟು, ನಾನು ಕೆಲಸ ಬಿಡಲ್ಲ ಅಂತ ಹುಡುಗನಿಗೆ ನೇರ ಹೇಳಿಯೇ ಒಳಗೆ ಹೋದಳು. ಅಕ್ಕನೂ ಚಕ್ಕುಲಿ ತರೋಕೆ ಹಿಂದೆಯೇ ಹೋದಳು. ತಂದೆ ನನ್ನ ಕಡೆ ತಿರುಗಿದರು. "ಏನ್ರೀ ಇದು? ನಮ್ಮ ಸೊಸೆ ಬಸ್ಸಿಗೆ ಕಾಯೋದಾ?"

ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ತೊಂಬತ್ತೊಂಬತ್ತು ಆಗಲೇ ಆಗಿತ್ತು. "ಸುಮ್ನೆ ಹಂಗಂತಾಳೆ. ತಾಳಿ ಬಿದ್ದ ಮಾರನೇ ದಿನವೇ ಬಿಡ್ತಾಳೆ, ನಂದು ಜವಾಬ್ದಾರಿ," ಅಂದೆ. ಆ ಮಾತು ಅಕ್ಕನ ಮುಂದೆ ಮತ್ತೆ ಎದ್ದೀತು ಅಂತ ತಂದೆಯನ್ನು ಮಾತ್ರ ಹಿಪ್ಪುನೇರಳೆ ತೋಟ ತೋರಿಸೋಕೆ ಎಬ್ಬಿಸಿಕೊಂಡು ಹೋದೆ. ತಾಯಿ, ಮಗ ಅಲ್ಲೇ ಕೂತರು, ಮೊಬೈಲ್ ಟೀಪಾಯಿ ಮೇಲೇ ಉಳಿಯಿತು.

ವಾಪಸ್ಸು ಬಂದಾಗ ಅಕ್ಕನೂ ಹುಡುಗಿಯೂ ಬಂದು ಕೂತಿದ್ದರು. ಮೊಬೈಲಿನಲ್ಲಿ ಒಂದು ಪ್ರಶ್ನೆ ಮಿನುಗುತ್ತಿತ್ತು. ಎಂದಿನಂತೆ ಓದದೆ ಹೂಂ ಅಂತ ಒತ್ತಿದೆ. ಭಾಗವಹಿಸಿದ ಎಲ್ಲರಿಗೂ ಸಾರಾಂಶ ಕಳಿಸಲೇ ಅಂತ ಅದು ಕೇಳಿತ್ತು. ಎಲ್ಲರ ನಂಬರನ್ನೂ ಹಿಂದಿನ ದಿನ ನಾನೇ ಅದಕ್ಕೆ ತುಂಬಿದ್ದೆ.

ಒಂದೇ ಸಲಕ್ಕೆ ಐದು ಮೊಬೈಲ್ ಟಿಣ್ ಅಂದವು.

ಅಕ್ಕನ ಮಗಳು ತೆಗೆದು ನಿಧಾನವಾಗಿ ಓದಿದಳು. "ವಿಷಯ: ಹುಡುಗಿ ಕೆಲಸ ಬಿಡುವುದು. ಹುಡುಗಿ: ಬಿಡುವುದಿಲ್ಲ. ಹುಡುಗನ ತಾಯಿ, ತೆಲುಗಿನಲ್ಲಿ: ಬಿಡಲೇಬಾರದು, ಬೆಳಗಿನಿಂದ ಸಂಜೆವರೆಗೆ ಒಂದೇ ಅಡುಗೆಮನೆಯಲ್ಲಿ ಇಬ್ಬರು ಇರುವುದು ತಮ್ಮಿಂದಾಗದು. ಹುಡುಗ, ತೆಲುಗಿನಲ್ಲಿ: ಹುಡುಗಿ ಇಷ್ಟವಾಗಿದ್ದಾಳೆ, ಕೆಲಸಕ್ಕೆ ಹೋಗಲಿ, ಆದರೆ ಅಪ್ಪನಿಗೆ ಹೇಳಲು ಧೈರ್ಯವಿಲ್ಲ."

ಹುಡುಗನ ತಾಯಿ ಸೆರಗು ಬಾಯಿಗೆ ಒತ್ತಿಕೊಂಡರು. "ಕನ್ನಡ ಬರುತ್ತೆ ಅಂತ ತಾನೇ ಇವರು ಹೇಳಿದ್ದು?"

ತಂದೆ ಹೆಂಡತಿಯನ್ನು ದುರುಗುಟ್ಟಿದರು. "ನನ್ನ ಹತ್ರ ಹೇಳೋಕೇನಾಗಿತ್ತು?"

"ಮೂವತ್ತು ವರ್ಷದಿಂದ ಎರಡು ಭಾಷೇಲೂ ಹೇಳ್ತಿದ್ದೀನಿ. ನಿಮಗೆ ಕೇಳಿಸಿದ್ದು ಇವತ್ತೇ, ಅದೂ ಮೊಬೈಲ್ ಹೇಳಿದ್ಮೇಲೆ."

"ಹಂಗಾದ್ರೆ ಬಿಡ್ತಾಳೆ ಅಂದೋರು ಯಾರು?"

ಅಕ್ಕನ ಮಗಳು ಮುಂದಿನ ಸಾಲು ಓದಿದಳು. "ಬಿಡುವುದಾಗಿ ಹೇಳಿದವರು: ದಲ್ಲಾಳಿ ಒಬ್ಬರೇ."

ಅಕ್ಕ ಚಕ್ಕುಲಿ ತಟ್ಟೆಯನ್ನು ನನ್ನ ಮುಂದಿನಿಂದ ಎತ್ತಿಕೊಂಡಳು. ನಾನು ಚಪ್ಪಲಿ ಎಲ್ಲಿದೆ ಅಂತ ಕಣ್ಣಲ್ಲೇ ಹುಡುಕಿದೆ. ಅಕ್ಕನ ಮಗಳು ಮಾತ್ರ ನನ್ನ ಕಡೆ ತಿರುಗಲೂ ಇಲ್ಲ, ಹುಡುಗನ ಮುಖವನ್ನೇ ನೋಡುತ್ತಿದ್ದಳು. ಅವನು ಕಾಫಿ ಲೋಟ ಕೆಳಗಿಟ್ಟು, ಕನ್ನಡದಲ್ಲೇ ಹೇಳಿದ: "ಅಪ್ಪಾ, ಇವರು ಕೆಲಸಕ್ಕೆ ಹೋಗಲಿ. ಬಸ್ ಸ್ಟಾಪಿಗೆ ನಾನು ಬಿಟ್ಟು ಬರ್ತೀನಿ."

ತಂದೆ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಟೀಪಾಯಿಯ ಕಡೆ ಬಗ್ಗಿ, ನನ್ನ ಮೊಬೈಲಿಗೆ ಬಾಯಿ ಹತ್ತಿರ ತಂದು, ಗಂಟಲು ಸರಿಮಾಡಿಕೊಂಡು ಹೇಳಿದರು:

"ಬರ್ಕೊ. ಆ ಹುಡುಗಿ ಕೆಲಸ ಬಿಡೋದು ಬೇಡ ಅಂತ ನಾನು ಮೊದಲಿಂದಲೂ ಹೇಳ್ತಿದ್ದೆ."

ಮೊಬೈಲ್ ಒಂದು ಗಳಿಗೆ ಯೋಚಿಸಿತು. ಐದು ಕಡೆಯೂ ಮತ್ತೆ ಟಿಣ್ ಅಂತು. ಈ ಸಲ ಹುಡುಗನ ತಾಯಿಯೇ ಓದಿದರು:

"ತಿದ್ದುಪಡಿ: ಹುಡುಗನ ತಂದೆ, ತಾವು ಮೊದಲಿನಿಂದಲೂ ಇದನ್ನೇ ಹೇಳುತ್ತಿದ್ದುದಾಗಿ ಈಗ ಹೇಳಿದರು."