ಒಂಟಿ ಸೀನು

ಕಾಯಿಲೆಗಳಲ್ಲೂ ಮರ್ಯಾದೆ ಇರುವವು, ಮರ್ಯಾದೆ ಇಲ್ಲದವು ಎಂದು ಎರಡು ಬಗೆ ಇವೆ ಎಂಬುದು ನನ್ನ ಬಹುಕಾಲದ ದೂರು. ಬಿಪಿ ಇದೆ ಎಂದವನಿಗೆ ಜನ ಕುರ್ಚಿ ಬಿಟ್ಟುಕೊಡುತ್ತಾರೆ. ಸಕ್ಕರೆ ಕಾಯಿಲೆಯವನಿಗೆ ಬೇರೆ ಪಾತ್ರೆಯಲ್ಲಿ ಚಹಾ ಕಾಸುತ್ತಾರೆ. ಟೈಫಾಯ್ಡ್ ಬಂದವನನ್ನು ನೋಡಲು ಮೋಸಂಬಿ ಹಿಡಿದುಕೊಂಡು ಬರುತ್ತಾರೆ. ನನ್ನದು ಬರೀ ಸೀನು. ಸೀನುವವನಿಗೆ ಯಾರೂ ಮೋಸಂಬಿ ತಂದದ್ದನ್ನು ನಾನು ಕಂಡಿಲ್ಲ. ಬದಲಿಗೆ, ಎಲ್ಲಿಗೋ ಹೊರಟು ನಿಂತವರು ಮೆಟ್ಟಿದ ಚಪ್ಪಲಿ ಕಳಚಿ ಒಳಗೆ ಬಂದು, ಒಂದು ಲೋಟ ನೀರು ಕುಡಿದು, ನನ್ನನ್ನೊಮ್ಮೆ ಕೆಕ್ಕರಿಸಿ ನೋಡಿ ಮತ್ತೆ ಹೊರಡುತ್ತಾರೆ. ಐವತ್ತೆರಡು ವರ್ಷದ ಬಾಳಿನಲ್ಲಿ ನಾನು ಎಷ್ಟು ಜನರ ಬಸ್ಸು ತಪ್ಪಿಸಿದ್ದೇನೋ ದೇವರಿಗೇ ಗೊತ್ತು.

ನಮ್ಮ ನಿಪ್ಪಾಣಿ, ಚಿಕ್ಕೋಡಿ ಕಡೆ ಇದರ ಶಾಸ್ತ್ರ ಬಹಳ ಸರಳ. ಒಳ್ಳೆಯ ಕೆಲಸಕ್ಕೆ ಕೈ ಹಾಕುವಾಗ ಯಾರಾದರೂ ಒಂದೇ ಒಂದು ಸೀನಿದರೆ ಅದು ಒಂಟಿ ಸೀನು, ಕೆಲಸ ಕೆಟ್ಟಿತು. ಎರಡು ಸೀನಿದರೆ ಜೋಡಿ ಸೀನು, ಕೆಲಸ ಆಯಿತು. ಈ ಶಾಸ್ತ್ರ ಮಾಡಿದ ಮಹಾನುಭಾವ ನನ್ನಂಥವನನ್ನು ಕಂಡಿರಲಿಲ್ಲ. ನಾನು ಶುರು ಮಾಡಿದರೆ ಒಂಬತ್ತಕ್ಕೆ ನಿಂತರೂ ನಿಂತೆ, ಹತ್ತೊಂಬತ್ತಕ್ಕೆ ಹೋದರೂ ಹೋದೆ. ಕೊನೆಗೆ ಒಂಟಿಯೋ ಜೋಡಿಯೋ ಎಂದು ಮನೆಯವರು ಬೆರಳು ಮಡಚಿ ಎಣಿಸಬೇಕಾಗುತ್ತಿತ್ತು. ಅಪ್ಪ ಎತ್ತು ಕೊಳ್ಳಲು ಸಂತೆಗೆ ಹೊರಟರೆ ಮೊದಲು ನನ್ನನ್ನು ಹಿತ್ತಲಿಗೆ ಅಟ್ಟುತ್ತಿದ್ದರು. ಹಿತ್ತಲಿನಿಂದಲೂ ಸದ್ದು ಬಂದರೆ ಅಂಗಳದಲ್ಲಿ ನಿಂತು, “ಹದಿನೈದ ಆದುವು, ಇನ್ನೊಂದ ಸೀನಲೇ ಮಗನ, ಹೊತ್ತಾಗಾಕತ್ತೈತಿ” ಎಂದು ಕೂಗುತ್ತಿದ್ದರು. ಸೀನೇನು ಕರೆದಾಗ ಬರುತ್ತದೆಯೇ? ನಾನು ಮೂಗು ಎತ್ತಿ ಸೂರ್ಯನನ್ನು ನೋಡುತ್ತ ನಿಲ್ಲುತ್ತಿದ್ದೆ, ಅಪ್ಪ ಗಡಿಯಾರ ನೋಡುತ್ತ ನಿಲ್ಲುತ್ತಿದ್ದರು.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ನಾನೇ ಕನ್ಯೆ ನೋಡಲು ಹೋದ ದಿನ, ಹುಡುಗಿ ಚಹಾದ ಟ್ರೇ ಹಿಡಿದು ಹೊಸಿಲು ದಾಟುವುದಕ್ಕೂ ನನಗೆ ಶುರುವಾಗುವುದಕ್ಕೂ ಸರಿಹೋಯಿತು. ಹನ್ನೊಂದು ಬಂದು ನಿಂತುಬಿಟ್ಟವು. ಎರಡೂ ಕಡೆಯವರು ಬೆರಳು ಮಡಚಿಕೊಂಡು ಕಾಯುತ್ತಿದ್ದಾರೆ, ಹನ್ನೆರಡನೆಯದು ಬರಲೊಲ್ಲದು. ನಮ್ಮ ಕಾಕಾ ಚುರುಕಿನ ಮನುಷ್ಯ. ಗಟ್ಟಿಯಾಗಿ ಒಮ್ಮೆ ಕೆಮ್ಮಿ, “ಹನ್ನೆರಡಾತು, ಚಹಾ ಕೊಡವಾ” ಎಂದರು. ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತು. ಇಂದಿಗೂ ಮನೆಯಲ್ಲಿ ಹಾಲು ಉಕ್ಕಿದರೆ, ಮಿಕ್ಸಿ ಸುಟ್ಟರೆ ನನ್ನ ಹೆಂಡತಿ ಶಾಂತವಾಗಿ, “ಅವತ್ತ ಹನ್ನೊಂದ ಇದ್ದುವು” ಎನ್ನುತ್ತಾಳೆ.

ಕಾರಣ ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ. ನನ್ನ ಮನೆ ಇರುವುದು ನಿಪ್ಪಾಣಿಯಲ್ಲಿ, ತಂಬಾಕಿನ ವಖಾರಿಯ, ಎಂದರೆ ಗೋದಾಮಿನ, ಬೆನ್ನಿಗೆ. ಮೂಟೆ ಕಟ್ಟುವ ದಿನಗಳಲ್ಲಿ ನಮ್ಮ ಓಣಿಯ ಬೆಕ್ಕು ಕೂಡ ಸೀನುತ್ತದೆ. ಕೆಲಸವೋ ಊರಿನ ವಾಚನಾಲಯದಲ್ಲಿ. ಅಲ್ಲಿ ಓದುಗರಿಗಿಂತ ಧೂಳು ಹೆಚ್ಚು. ‘ಶಾಂತತೆ ಕಾಪಾಡಿರಿ’ ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆದ ಫಲಕದ ಕೆಳಗೇ ನನ್ನ ಕುರ್ಚಿ. ಔಷಧಕ್ಕಂತೂ ಬರವಿರಲಿಲ್ಲ, ಪೇಪರ್ ಓದಲು ಬಂದವರೆಲ್ಲ ವೈದ್ಯರೇ. ಒಬ್ಬರು ಅಜವಾನದ ಹೊಗೆ ಎಂದರು. ಒಬ್ಬರು ಮೂಗಿಗೆ ಬಿಸಿ ತುಪ್ಪ ಎಂದರು. ನಿವೃತ್ತ ಮಾಸ್ತರರೊಬ್ಬರು ಮುಂಜಾನೆ ಇಬ್ಬನಿಯ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಯಲು ಹೇಳಿದರು. ನಡೆದೆ. ಮರುದಿನ ಇನ್ನೊಬ್ಬರು, “ಇಬ್ಬನ್ಯಾಗ ಅಡ್ಡಾಡತೀರಿ, ಸೀನು ಬರದ ಇನ್ನೇನ್ ಬರತೈತ್ರಿ?” ಎಂದು ಬೈದರು. ನಾನು ಯಾರ ಮಾತನ್ನೂ ತೆಗೆದುಹಾಕಿದವನಲ್ಲ. ಎದುರು ಮಾತಾಡುವುದು ನನ್ನ ಜಾಯಮಾನದಲ್ಲೇ ಇಲ್ಲ. ಕೊರಳಲ್ಲಿ ಕರ್ಪೂರದ ಗಂಟು ಕಟ್ಟಿಕೊಂಡು, ತುಪ್ಪ ಸುರಿಯುವ ಮೂಗು ಹೊತ್ತು ಎಷ್ಟೋ ದಿನ ಪುಸ್ತಕ ಕೊಟ್ಟಿದ್ದೇನೆ.

ನನ್ನ ಸೀನನ್ನು ಕಂಡು ಸಂತೋಷಪಟ್ಟ ಜೀವ ಲೋಕದಲ್ಲಿ ಒಂದೇ ಒಂದು, ನನ್ನ ಅಕ್ಕನ ಮಗಳು, ನಮ್ಮ ಕಡೆಯ ಲೆಕ್ಕದಲ್ಲಿ ನನಗೆ ಸೊಸೆ, ಶೈಲಾ. ಕೂಸಿದ್ದಾಗ ಎಷ್ಟೇ ರಂಪ ಮಾಡುತ್ತಿರಲಿ, ನಾನು ಸೀನಿದರೆ ಕಿಲಕಿಲ ನಗುತ್ತಿದ್ದಳು. ಅದೇ ಹುಡುಗಿ ಬೆಳೆದು ಚಿಕ್ಕೋಡಿಯಲ್ಲಿ ನರ್ಸಿಂಗ್ ಕಲಿಯತೊಡಗಿದಳು. ಒಂದು ರಜೆಯಲ್ಲಿ ನಮ್ಮ ಮನೆಗೆ ಬಂದವಳು ನೋಟ್‌ಬುಕ್ ತೆಗೆದು ಕಾರಣ, ಲಕ್ಷಣ, ಚಿಕಿತ್ಸೆ, ಮುನ್ನೆಚ್ಚರಿಕೆ ಎಂದು ನಾಲ್ಕು ಗೆರೆ ಎಳೆದು ನನ್ನನ್ನು ವಿಚಾರಣೆಗೆ ಕೂರಿಸಿದಳು. ಕೊನೆಗೆ, “ಮಾಮಾ, ಇದು ನೆಗಡಿ ಅಲ್ಲ, ಶಕುನಾನೂ ಅಲ್ಲ. ಅಲರ್ಜಿ” ಎಂದು ತೀರ್ಪು ಕೊಟ್ಟಳು. ಮರುವಾರ ಚಿಕ್ಕೋಡಿಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋದಳು. ಅವರು ಬ್ಯಾಟರಿ ಬಿಟ್ಟು ಮೂಗಿನೊಳಗೆ ನೋಡಿ ಅದೇ ಮಾತು ಹೇಳಿದಾಗ ಅವಳ ಮುಖ ನೋಡಬೇಕಿತ್ತು. ನನಗೂ ಹೆಮ್ಮೆಯಾಯಿತು, ರೋಗ ನನ್ನದೇ ಅಲ್ಲವೇ?

ಮೂಗಿಗೆ ದಿನಾ ಸ್ಪ್ರೇ ಹೊಡೆದುಕೊಳ್ಳಬೇಕು, ಆರಾಮಾಯಿತೆಂದು ನಡುವೆ ಬಿಡಬಾರದು, ಪುಸ್ತಕ ಝಾಡಿಸುವಾಗ ಮಾಸ್ಕ್ ಹಾಕಬೇಕು, ಹಾಸಿಗೆ ಬಟ್ಟೆ ಕುದಿನೀರಲ್ಲಿ ಒಗೆಯಬೇಕು. ಇದಕ್ಕೆಲ್ಲ ಒಪ್ಪಿದೆ. ಶೈಲಾ ನನ್ನ ಕೌದಿಗೆ ಕೈ ಹಾಕಿದಾಗ ಮಾತ್ರ ನಾನೂ ಒಂದು ತುದಿ ಹಿಡಿದುಕೊಂಡೆ. ನಮ್ಮ ಅವ್ವ ತನ್ನ ಹಳೆಯ ಇಳಕಲ್ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ ಅದು. “ಕಣ್ಣಿಗೆ ಕಾಣದ ಹುಳ ಇರ್ತಾವು ಮಾಮಾ ಇದರಾಗ. ಅವುಗಳ ಹೊಲಸು ನಿನ್ನ ಮೂಗಿಗೆ ಹೋಗತೈತಿ” ಎಂದು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಏರಿಸಿದಳು. ಅವ್ವ ಇದ್ದಿದ್ದರೆ ಇಬ್ಬರಿಗೂ ಪೂಜೆಯಾಗುತ್ತಿತ್ತು.

ಮೂರು ವಾರದಲ್ಲಿ ಸೀನು ನಿಂತಿತು. ಪೂರ್ತಿ ನಿಂತಿತು ಮಹಾರಾಯರೇ! ವಾಚನಾಲಯದ ಓದುಗರು ಆಗಾಗ ತಲೆಯೆತ್ತಿ ನನ್ನ ಕಡೆ ನೋಡತೊಡಗಿದರು, ನಾನು ಇದ್ದೇನೋ ಇಲ್ಲವೋ ಎಂದು. ಮನೆಯಲ್ಲಿ ಇನ್ನೊಂದು ಪೇಚು. ಓಣಿಯ ತಿರುವಿನಲ್ಲಿ ನನ್ನ ಸೀನು ಕೇಳಿದ ಮೇಲೆ ಒಲೆ ಮೇಲೆ ಚಹಾ ಇಡುವುದು ಹೆಂಡತಿಯ ರೂಢಿ. ಈಗ ನಾನು ಬಂದು ಎದುರಿಗೆ ಕುಳಿತರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಹೀಗಿರುವಾಗ ಒಂದು ಮಂಗಳವಾರ ಶೈಲಾಳ ಫೋನು ಬಂತು. “ಮಾಮಾ, ಸ್ಪ್ರೇ ಹೊಡ್ಕೋತೀ ಹೌದಿಲ್ಲೋ?”

“ಒಂದ ದಿನಾನೂ ತಪ್ಪಿಸಿಲ್ಲವಾ” ಎಂದೆ.

“ಇವತ್ತಿಂದ ಬಿಟ್ಟಬಿಡು.”

ಶುಕ್ರವಾರ ಅವಳ ಸುಪಾರಿ. ನಮ್ಮ ಕಡೆ ಸಂಬಂಧ ಗಟ್ಟಿಯಾಯಿತೆಂದರೆ ಎರಡೂ ಮನೆಯವರ ಮುಂದೆ ಅಡಕತ್ತರಿಯಿಂದ ಸುಪಾರಿ ಒಡೆಯುತ್ತಾರೆ. ಒಡೆದ ಮೇಲೆ ಹಿಂದೆ ಸರಿಯುವಂತಿಲ್ಲ. ಅಥಣಿ ಕಡೆಯ ದ್ರಾಕ್ಷಿ ತೋಟದವರು, ಹುಡುಗ ಒಳ್ಳೆಯವನು, ಮನೆತನ ಒಳ್ಳೆಯದು. “ಅಪ್ಪಗ ನಾಕ ಸಲ ಹೇಳೀನಿ ಮಾಮಾ, ಇನ್ನೊಂದ ವರ್ಷ ಉಳದೈತಿ, ಮುಗಿಸಿ ನೌಕರಿ ಹಿಡೀತೀನಿ ಅಂತ. ‘ಲಗ್ನ ಆದ ಮ್ಯಾಲೆ ಕಲಿ’ ಅಂತಾರ. ಅವ್ರು ನೋಡಿದ್ರ ‘ದ್ರಾಕ್ಷಿ ಬಳ್ಳಿಗಿ ನರ್ಸ್ ಯಾಕ ಬೇಕು’ ಅಂದಾರಂತ. ನೀ ಹೆಂಗೂ ಸೋದರಮಾವ, ಮುಂದ ಕುಂದ್ರತೀ. ಅಡಕತ್ತರಿ ಎತ್ತೋ ಹೊತ್ತಿಗೆ ಒಂದ ಸೀನು. ಒಂದ ಒಂದು! ಎರಡ ಸೀನಿದ್ರ ನನ್ನ ಲಗ್ನ ಆಗಿಹೋಗತೈತಿ.”

“ಅಲ್ಲವಾ, ನಿನಗ ಶಕುನದ ಮ್ಯಾಲೆ ನಂಬಿಕಿ ಇಲ್ಲಲ್ಲ?”

“ನನಗಿಲ್ಲ. ಅವ್ರಿಗೈತಿ” ಎಂದಳು. ಅಳುತ್ತಿದ್ದಳು.

ಆ ಮೂರು ದಿನ ನಾನು ಪಟ್ಟ ಪಾಡು ಯಾವ ರೋಗಿಯೂ ಪಟ್ಟಿರಲಾರ. ಅಟ್ಟದಿಂದ ಕೌದಿ ಇಳಿಸಿ ತಲೆತನಕ ಹೊದ್ದು ಮಲಗಿದೆ. ಹತ್ತು ವರ್ಷದಿಂದ ಯಾರೂ ಮುಟ್ಟದ ಕಪಾಟನ್ನು ಮಾಸ್ಕಿಲ್ಲದೆ ಝಾಡಿಸಿದೆ. ವಖಾರಿಯ ಬಾಗಿಲಲ್ಲಿ ನಿಂತು ತಂಬಾಕಿನ ಗಾಳಿ ಎಳೆದುಕೊಂಡೆ. ಕಾವಲುಗಾರ, “ಯಾರ ಬೇಕಿತ್ರಿ ಸರ?” ಎಂದು ಎರಡು ಸಲ ಕೇಳಿದ. ಸೀನು ಬರಲಿಲ್ಲ. ನನ್ನ ಸೊಸೆ ಕಲಿತ ವಿದ್ಯೆ ಅಷ್ಟು ಗಟ್ಟಿಯಾಗಿ ನನ್ನ ಮೂಗಿನಲ್ಲಿ ಕೂತಿತ್ತು.

ಶುಕ್ರವಾರ ಚಿಕ್ಕೋಡಿಯ ಅಕ್ಕನ ಮನೆಗೆ ಹೋದಾಗ ಅವಳ ಸಂಭ್ರಮ ನೋಡಿ ಇನ್ನಷ್ಟು ಕುಗ್ಗಿಹೋದೆ. ಇಂಥ ಹೊತ್ತಿನಲ್ಲಿ ಅವಳು ನನ್ನನ್ನು ಅಡುಗೆಮನೆಯ ಆಚೆ ಕೂರಿಸುವುದು ವಾಡಿಕೆ. ಈ ಸಲ ಕೈ ಹಿಡಿದು ಕರೆದುಕೊಂಡು ಹೋಗಿ ಬೀಗರ ಎದುರಿಗೇ ಕೂರಿಸಿ, “ನಮ್ಮ ತಮ್ಮಗ ಪೂರಾ ಆರಾಮ ಆಗೇತ್ರಿ. ನಮ್ಮ ಶೈಲಾನ ಆರಾಮ ಮಾಡ್ಯಾಳ” ಎಂದು ಹೇಳಿದಳು. ಹುಡುಗನ ಅಪ್ಪ ಒಣದ್ರಾಕ್ಷಿಯ ದೊಡ್ಡ ಪೊಟ್ಟಣ ಮುಂದಿಟ್ಟುಕೊಂಡು ಕುಳಿತಿದ್ದರು. ಪಕ್ಕದಲ್ಲಿ ಹುಡುಗ, ಗೋಡೆಗೆ ಒರಗಿಕೊಂಡು ಅವನ ಅಜ್ಜಿ, ಎಲ್ಲರೂ ಆಯಿ ಎಂದು ಕರೆಯುವ ಮುದುಕಿ. ಆಯಿ ಸೆರಗಿನ ಮರೆಯಲ್ಲಿ ಡಬ್ಬಿ ತೆಗೆದು ತಪಕೀರು ಏರಿಸುತ್ತಿದ್ದಳು. ನಶ್ಯದ ಪುಡಿ! ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. ಸರಿದು ಸರಿದು ಆಯಿಯ ಪಕ್ಕ ಹೋಗಿ, “ಒಂದ ಚಿಮಟಿ ಕೊಡ ಆಯಿ” ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೊಟ್ಟಳು. ಏರಿಸಿದೆ. ಕಣ್ಣಲ್ಲಿ ನೀರು ಬಂತು, ಕಿವಿ ಬಿಸಿಯಾಯಿತು, ಸೀನು ಬರಲಿಲ್ಲ. ಇನ್ನೊಂದು ಚಿಮಟಿ ಕೇಳಿದೆ. ಅದನ್ನೂ ಕೊಟ್ಟಳು, ಆದರೆ ಅಷ್ಟು ಹೊತ್ತಿಗೆ ಅವಳ ಕಣ್ಣು ನನ್ನನ್ನು ಬಿಟ್ಟು ಬಾಗಿಲ ಹಿಂದೆ ನಿಂತ ಶೈಲಾಳ ಮುಖದ ಮೇಲಿತ್ತು.

ಅವಲಕ್ಕಿ ಪೋಹೆ ಆಯಿತು, ಚಹಾ ಆಯಿತು. ಅಕ್ಕನ ಗಂಡ, ನಮ್ಮ ದಾಜಿ, ತಾಟಿನಲ್ಲಿ ಸುಪಾರಿ ಇಟ್ಟು ಅಡಕತ್ತರಿ ಕೈಗೆತ್ತಿಕೊಂಡರು. ನಾನು ಕಣ್ಣು ಮುಚ್ಚಿ, ಇದ್ದಬದ್ದ ದೇವರನ್ನೆಲ್ಲ ನೆನೆದು, ಸುಳ್ಳೇ ಒಂದು ಸೀನು ಸೀನಿದೆ. ಜೀವಮಾನವಿಡೀ ಖರೇ ಸೀನು ಸೀನಿದವನಿಗೆ ಸುಳ್ಳು ಸೀನು ಒಗ್ಗೀತೇ? ಅದು ಬಿಕ್ಕಳಿಕೆಗೂ ಕೆಮ್ಮಿಗೂ ನಡುವಿನ ಏನೋ ಒಂದಾಗಿ ಹೊರಬಿತ್ತು. “ಏ, ಮಾಮಾಗ ಪೋಹೆ ಸಿಕ್ಕೊಂಡೈತಿ, ನೀರ ಕೊಡ್ರಿ” ಎಂದರು ದಾಜಿ. ನೀರು ಬಂತು, ಕುಡಿದೆ. ದಾಜಿ ಮತ್ತೆ ಅಡಕತ್ತರಿ ಎತ್ತಿದರು.

ಬಾಗಿಲ ಕಡೆ ನೋಡಿದೆ. ಶೈಲಾ ನನ್ನನ್ನು ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದಳು. ಆ ತಗ್ಗಿದ ತಲೆ ನೋಡಿ ನನಗೆ ತಡೆಯಲಾಗಲಿಲ್ಲ.

“ಒಂದ ನಿಮಿಷ ತಡೀರಿ ದಾಜಿ” ಎಂದೆ. ಧ್ವನಿ ನನ್ನದೇ ಎಂದು ನನಗೇ ನಂಬಿಕೆಯಾಗಲಿಲ್ಲ. “ಹುಡುಗಿ ಒಲ್ಲೆ ಅಂತಾಳ. ಹುಡುಗನ ತಪ್ಪ ಏನೂ ಇಲ್ಲ, ಮನಿತನದ ತಪ್ಪೂ ಇಲ್ಲ. ಆಕಿಗಿ ಕಲಿಯೂದೈತಿ, ನೌಕರಿ ಮಾಡೂದೈತಿ. ನಿಮಗ ನಾಕ ಸಲ ಹೇಳ್ಯಾಳ, ನೀವು ಕೇಳಿಲ್ಲ.”

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ದಾಜಿಯ ಮುಖ ಕೆಂಪಗಾಯಿತು. ಹುಡುಗನ ಅಪ್ಪ ಎದ್ದು ನಿಂತು, “ಇದನ್ನ ಫೋನ್‌ನ್ಯಾಗ ಹೇಳಾಕ ಬರತಿರಲಿಲ್ಲೇನ್ರಿ? ಮನೀಗಿ ಕರದು ಮಾನ ಕಳೀತೀರಿ?” ಎಂದರು. ದಾಜಿ ಅಡಕತ್ತರಿ ಹಿಡಿದೇ ನನ್ನ ಕಡೆ ತಿರುಗಿದರು. ಇನ್ನೊಂದು ಮಾತು ಬಿದ್ದಿದ್ದರೆ ಎರಡು ಮನೆಗಳಿಗೂ ಜನ್ಮದ ಹಗೆಯಾಗುತ್ತಿತ್ತು.

ಅಷ್ಟರಲ್ಲಿ ಗೋಡೆಯ ಕಡೆಯಿಂದ ಒಂದು ಸೀನು ಕೇಳಿತು. ಸ್ವಚ್ಛವಾದ, ದುಂಡಗಿನ, ಒಂದೇ ಒಂದು ಸೀನು.

“ಒಂಟಿ ಸೀನು ಆತಪಾ” ಎಂದಳು ಆಯಿ, ಮೂಗು ಒರೆಸಿಕೊಳ್ಳುತ್ತ. “ಇವತ್ತ ಸುಪಾರಿ ಬ್ಯಾಡ. ಅಡಕತ್ತರಿ ಒಳಗಿಡ್ರಿ.”

“ತಡಿ ಆಯಿ, ಇನ್ನೊಂದ ಬರಬಹುದು” ಎಂದ ಹುಡುಗ. ಪಾಪ, ಅವನಿಗೆ ಶೈಲಾ ಹಿಡಿಸಿದ್ದಳೆಂದು ಕಾಣುತ್ತದೆ.

“ಬರಾಂಗಿಲ್ಲ. ನನ್ನ ಮೂಗು ನನಗ ಗೊತ್ತೈತಿ.”

ಐವತ್ತು ವರ್ಷ ತಪಕೀರು ಏರಿಸಿದ ಮೂಗಿಗೆ ಸೀನು ಎಲ್ಲಿಂದ ಬರಬೇಕು? ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಹುಡುಗನ ಅಪ್ಪನ ಬಿಗಿದ ಮುಖ ಸಡಿಲವಾಯಿತು. ದಾಜಿ ಉಸಿರು ಬಿಟ್ಟು, “ಶಕುನ ಆಗವಲ್ದಂದ್ರ ಏನ್ ಮಾಡೂದ್ರಿ” ಎಂದರು. ಇನ್ನೊಂದು ಸಲ ಚಹಾ ಆಯಿತು. ಒಣದ್ರಾಕ್ಷಿಯ ಪೊಟ್ಟಣ ನಮ್ಮಲ್ಲೇ ಉಳಿಯಿತು.

ಹೊರಡುವಾಗ ಆಯಿ ಚಪ್ಪಲಿ ಹುಡುಕುತ್ತಿದ್ದಳು. ನಾನು ಬಗ್ಗಿ ಎತ್ತಿಕೊಟ್ಟು, “ದೊಡ್ಡ ಉಪಕಾರ ಆತು ಆಯಿ” ಎಂದೆ. ಅವಳು ನನ್ನ ಭುಜ ಹಿಡಿದು ಚಪ್ಪಲಿ ಮೆಟ್ಟಿಕೊಂಡು, “ನನಗ ಹದಿಮೂರಕ್ಕ ಲಗ್ನ ಮಾಡಿದ್ರು. ಸಾಲಿ ಕಲೀತೀನಂತ ಭಾಳ ಅತ್ತಿದ್ದೆ. ಅವತ್ತ ಯಾರೂ ಸೀನಲಿಲ್ಲಪಾ” ಎಂದು ಹೇಳಿ ಗಾಡಿ ಹತ್ತಿದಳು. ಗಾಡಿ ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ.

ಅಕ್ಕ ಮೂರು ತಿಂಗಳು ನನ್ನೊಡನೆ ಮಾತು ಬಿಟ್ಟಳು. ಆಮೇಲೆ ಶೈಲಾ ಕೋರ್ಸ್ ಮುಗಿಸಿ ರಾಯಬಾಗದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದೇ ತಡ, ಮಗಳನ್ನು ಕಲಿಸಿದ ಕೀರ್ತಿಯನ್ನೆಲ್ಲ ದಾಜಿಯೇ ಹೊತ್ತುಕೊಂಡು ತಿರುಗುತ್ತಿದ್ದಾರೆ. ನಾನು ಮತ್ತೆ ಸ್ಪ್ರೇ ಶುರು ಮಾಡಿದ್ದೇನೆ. ಆದರೆ ನೆಂಟರು ನನ್ನನ್ನು ಶುಭಕಾರ್ಯಕ್ಕೆ ಕರೆಯಲು ಈಗಲೂ ಹಿಂದೆಮುಂದೆ ನೋಡುತ್ತಾರೆ. ಮೊದಲು ಮೂಗಿಗೆ ಹೆದರುತ್ತಿದ್ದವರು ಈಗ ಬಾಯಿಗೆ ಹೆದರುತ್ತಾರೆ. ಕಳೆದ ವಾರ ಒಬ್ಬರು ಲಗ್ನಪತ್ರಿಕೆ ಕೊಟ್ಟು, “ಬರ್ರಿ, ಆದ್ರ ಮಾಸ್ಕ್ ತಗೀಬ್ಯಾಡ್ರಿ” ಎಂದರು. ನನಗೆ ಒಳಗೊಳಗೇ ಸ್ವಲ್ಪ ಜಂಬವೂ ಆಯಿತೆನ್ನಿ. ಎಲಾ, ನಾನೂ ಕಡ್ಡಿ ಮುರಿದಂತೆ ಮಾತಾಡುವ ಗಂಡಸಾದೆನಲ್ಲ ಎಂದುಕೊಂಡು ಶೈಲಾಳಿಗೆ ಫೋನು ಹಚ್ಚಿ, “ಇದಕ್ಕೇನರ ಔಷಧ ಐತೇನವಾ?” ಎಂದು ಕೇಳಿದೆ.

ಅವಳು ಡ್ಯೂಟಿಯ ಗತ್ತಿನಲ್ಲೇ, “ಲಕ್ಷಣ ಏನು?” ಎಂದಳು.

“ಎಲ್ಲಾರೂ ಸುಮ್ಮನಿದ್ದಾಗ ಖರೇ ಮಾತು ಬಾಯಿಗೆ ಬಂದಬಿಡತೈತಿ.”

“ಇಲ್ಲಿತನಕ ಎಷ್ಟ ಸಲ ಬಂದೈತಿ?”

ಲೆಕ್ಕ ಹಾಕಿದೆ. “ಒಂದ ಸಲ.”

“ಐವತ್ತೆರಡ ವರ್ಷದಾಗ?”

“ಹೂಂ.”

“ಹಂಗಾರ ಔಷಧ ಬ್ಯಾಡ, ಮಾಮಾ. ಹೆದರಬ್ಯಾಡ,” ಎಂದಳು ಸೊಸೆ, “ಇದು ಮತ್ತ ಬರೋ ಲಕ್ಷಣ ಏನೂ ಕಾಣವಲ್ದು.”