ಪಂಚಮವನ್ನು ಮಧ್ಯಮದ ಕೆಳಗೆ ಕೂರಿಸಿದ ಅಧ್ಯಕ್ಷರಿಗೆ

ಮಾನ್ಯರೇ,

ಪ್ರಾಚೀನ ಸಂಗೀತಶಾಸ್ತ್ರ ವಿಭಾಗದ ಅಧ್ಯಕ್ಷರೂ, ಪಠ್ಯಪುಸ್ತಕ ಆಯ್ಕೆ ಸಮಿತಿಯ ಅಧ್ಯಕ್ಷರೂ, ಆ ಸಮಿತಿ ಒಮ್ಮತದಿಂದ ಆಯ್ಕೆ ಮಾಡಿದ ಒಂದೇ ಒಂದು ಪಠ್ಯಪುಸ್ತಕದ ಲೇಖಕರೂ ಆದ ತಮ್ಮ ಸನ್ನಿಧಿಗೆ ಸ್ನಾತಕೋತ್ತರ ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳ ಬಿನ್ನಹ. ಇದನ್ನು ತಮ್ಮ ಮುಂದೆ ನಿಂತು ಬಾಯಲ್ಲೇ ಹೇಳಬಹುದಿತ್ತು. ಆದರೆ ಹೋದಾಗಲೆಲ್ಲ ತಾವು ತಲೆಯೆತ್ತದೆ, "ಏನಿದ್ರೂ ಬರೆದು ಕೊಡೀಮ್ಮ, ಬಾಯಲ್ಲಿ ಹೇಳಿದ್ದನ್ನ ಈ ವಿಭಾಗ ಪರಿಗಣಿಸಲ್ಲ" ಎಂದು ಅಪ್ಪಣೆ ಕೊಡಿಸಿದಿರಿ. ಸಂಗೀತದ ವಿಭಾಗವೇ ಬಾಯನ್ನು ನಂಬಬಾರದೆಂಬ ಈ ದೂರದೃಷ್ಟಿಗೆ ತಲೆದೂಗಿ ಬರೆಯುತ್ತಿದ್ದೇನೆ. ಬರೆದದ್ದು ತಮ್ಮ ಮೇಜಿನ ಡ್ರಾಯರಿನಲ್ಲಿ ಚಿರನಿದ್ರೆಗೆ ಜಾರಬಾರದೆಂದು ಊರವರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಯಾರೆಂದು ತಮಗೆ ನೆನಪಿರಲಾರದು. ಕೊನೆಯ ಬೆಂಚಿನಲ್ಲಿ, ಕಿಟಕಿಯ ಪಕ್ಕ, ತಲೆಯಲ್ಲಿ ನಾಲ್ಕು ಬಿಳಿಕೂದಲು ಹೊತ್ತು ಕೂರುವವಳು. ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತ ಬಂದವಳಿಗೆ, ಈ ಸ್ವರ ಇಲ್ಲೇ ಏಕೆ ನಿಲ್ಲುತ್ತದೆ, ಒಂದು ಕೂದಲೆಳೆ ಆಚೆಗೆ ಸರಿದರೆ ಕಿವಿ ಏಕೆ ಮುಖ ಕಿವುಚುತ್ತದೆ ಎಂಬ ಪ್ರಶ್ನೆ ಹೇಗೋ ತಲೆ ಹೊಕ್ಕು, ಅಲ್ಲೇ ಮನೆ ಮಾಡಿಕೊಂಡುಬಿಟ್ಟಿತು. ಶಾಲೆಗೆ ದೀರ್ಘ ರಜೆ ಹಾಕಿ ತಮ್ಮ ವಿಭಾಗ ಸೇರಿದೆ. ಹಲ್ಲಿನ ಡಾಕ್ಟರಾದ ನನ್ನ ಗಂಡ, "ಹಾಡೋಕೆ ಬರುತ್ತಲ್ಲ ನಿಂಗೆ, ಇನ್ನು ಶಾಸ್ತ್ರ ಯಾಕೆ? ನಾನು ದಿನಾ ಹಲ್ಲು ಕೀಳ್ತೀನಿ, ಹಲ್ಲಿನ ಇತಿಹಾಸ ಓದ್ಕೊಂಡು ಕೂತಿದೀನಾ?" ಎಂದರು. "ಹಳಬರು ತಂತಿ ಮಿಡಿದು, ಅಳೆದು, ಕಿವಿಗೊಟ್ಟು ಕಂಡ್ಕೊಂಡಿದ್ದನ್ನ ನಾನೂ ಒಂದ್ಸಲ ನನ್ನ ಕಿವೀಲೇ ಕೇಳಬೇಕು ಅನ್ಸುತ್ತೆ" ಎಂದು ದೊಡ್ಡ ಮಾತಾಡಿ ಹೊರಟುಬಂದೆ. ಅವರು ಪ್ರತಿ ಶನಿವಾರ, "ಕೇಳಿಸ್ತಾ?" ಎಂದು ಕೇಳುತ್ತಿದ್ದರು. ಫ್ಯಾನಿನ ಸದ್ದು ಕೇಳಿಸಿತು ಎನ್ನುತ್ತಿದ್ದೆ.

ತಮ್ಮ ವಿಭಾಗದ ಪ್ರಶಾಂತತೆಯನ್ನು ಎಷ್ಟು ಹೊಗಳಿದರೂ ಸಾಲದು. ಸ್ಮಶಾನದಲ್ಲಾದರೂ ಒಂದು ಕಾಗೆ ಕೂಗುತ್ತದೆ. ತಮ್ಮಲ್ಲಿ ತಂತಿವಾದ್ಯಗಳೆಲ್ಲ ಗಾಜಿನ ಬೀರುವಿನಲ್ಲಿ, ತಂತಿ ಬಿಚ್ಚಿಸಿಕೊಂಡು, ಹಲ್ಲುಸೆಟ್ಟು ಕಳಚಿಟ್ಟು ಮಲಗಿದ ಮುದುಕರಂತೆ ಬಿದ್ದುಕೊಂಡಿವೆ. ಮೊದಲ ವಾರ ಮೆಟ್ಟಿಲ ಮೇಲೆ ಯಾರೋ ಒಂದು ಸಾಲು ಗುನುಗಿದ್ದಕ್ಕೆ ಕಚೇರಿಯ ಗುಮಾಸ್ತರು ಓಡಿಬಂದು, "ಇದು ಶಾಸ್ತ್ರ ವಿಭಾಗ ಕಣ್ರೀ, ಹಾಡೋರ ವಿಭಾಗ ಆ ಕಡೆ ಕಟ್ಟಡದಲ್ಲಿದೆ" ಎಂದು ಗದರಿಸಿ ಹೋದರು. ಆ ಕಡೆಯ ಕಟ್ಟಡದವರಿಗೆ ಶಾಸ್ತ್ರ ಓದಲು ಬಿಡುವುದಿಲ್ಲವಂತೆ. ಹೀಗೆ ಬಾಯಿ ಒಂದು ಕಡೆ, ಕಿವಿ ಒಂದು ಕಡೆ, ನಡುವೆ ಸೈಕಲ್ ನಿಲ್ದಾಣ.

ತಮ್ಮ ಪಾಠದ ವೈಖರಿಯಂತೂ ಕೇಳಿಯೇ ತೀರಬೇಕಾದದ್ದು. ತಮ್ಮ ಗುರುಗಳ ಕಾಲದ ಟಿಪ್ಪಣಿಯ ಹಾಳೆಗಳನ್ನು, ಅಂಚು ಪುಡಿಯಾಗಿ ಅಂಗಿಯ ಮೇಲೆ ಉದುರುತ್ತಿದ್ದರೂ ಲೆಕ್ಕಿಸದೆ, ಅಕ್ಷರ ಬಿಡದೆ ಉಕ್ತಲೇಖನ ಕೊಡುತ್ತೀರಿ. ಒಂದು ದಿನ ಸ್ವರಗಳ ಹೊಂದಾಣಿಕೆಯ ಪಾಠದ ನಡುವೆ, ಅದೇ ದನಿಯಲ್ಲಿ, "ಇಲ್ಲಿ ಹಾಡಿ ತೋರಿಸುವುದು, ಪೂರ್ಣವಿರಾಮ" ಎಂದಿರಿ. ನಾವೆಲ್ಲ ತಲೆಯೆತ್ತಿದೆವು. ತಾವು ಮುಂದಿನ ವಾಕ್ಯಕ್ಕೆ ಹೋಗಿಬಿಟ್ಟಿದ್ದಿರಿ. ನಾವೂ ಬರೆದುಕೊಂಡೆವು. ಪರೀಕ್ಷೆಯಲ್ಲಿ ಆ ವಾಕ್ಯವನ್ನು ಬಿಟ್ಟವರಿಗೆ ಅರ್ಧ ಅಂಕ ಕಡಿಮೆ ಬಂತು.

ಇಷ್ಟಕ್ಕೆಲ್ಲ ದೂರು ಕೊಡುವಷ್ಟು ಕೃತಘ್ನಳು ನಾನಲ್ಲ. ದೂರು ಮೈನಾಳದ್ದು.

ಮೈನಾ ಎಂದು ನಾವು ಕರೆಯುತ್ತಿದ್ದುದು ನನ್ನ ಪಕ್ಕ ಕೂರುತ್ತಿದ್ದ ಸಣಕಲು ಹುಡುಗಿಯನ್ನು. ಬಸ್ಸಿನ ಹಾರ್ನ್ ಕೇಳಿ ಅದು ಯಾವ ಸ್ವರ ಎನ್ನುವವಳು, ಕ್ಯಾಂಟೀನಿನ ಎರಡು ಲೋಟ ತಾಕಿಸಿ "ಅಕ್ಕಾ, ಇವೆರಡಕ್ಕೂ ಆಗಿಬರಲ್ಲ ನೋಡಿ" ಎಂದು ನಗುವವಳು. ಅಂಥ ಕಿವಿ ನಮ್ಮ ತರಗತಿಯಲ್ಲಿ ಇನ್ನೊಂದಿರಲಿಲ್ಲ. ತಮ್ಮ ಇಡೀ ವಿಭಾಗದಲ್ಲಿ ಇತ್ತೋ ಇಲ್ಲವೋ ಎಂಬ ವಿಷಯಕ್ಕೆ ಆಮೇಲೆ ಬರುತ್ತೇನೆ. ಓದು ಮುಗಿಸಿ ಇಲ್ಲೇ ಸಂಶೋಧನೆ ಮಾಡಿ, ಮುಂದೆ ಇದೇ ಬೆಂಚುಗಳ ಮುಂದೆ ನಿಂತು ಪಾಠ ಹೇಳಬೇಕೆಂಬುದು ಅವಳ ಆಸೆ. "ನಾನು ಮೇಷ್ಟ್ರಾದ್ರೆ ಮೊದ್ಲು ಆ ಬೀರುವಿನ ಬೀಗ ಒಡೀತೀನಿ" ಎನ್ನುತ್ತಿದ್ದಳು.

ತಮ್ಮ ಪಠ್ಯಪುಸ್ತಕದ ಮೂರನೆಯ ಅಧ್ಯಾಯದಲ್ಲಿ ಒಂದು ಕೋಷ್ಟಕವಿದೆ. ಸಂಗೀತ ತಿಳಿಯದ ಸಾರ್ವಜನಿಕರಿಗಾಗಿ ಹೇಳುತ್ತೇನೆ: ಬಿಗಿದ ತಂತಿಯೊಂದನ್ನು ಇಡಿಯಾಗಿ ಮಿಡಿದರೆ ಷಡ್ಜ. ನಾಲ್ಕರಲ್ಲಿ ಮೂರು ಪಾಲು ಮಾತ್ರ ಮಿಡಿಯುವ ಹಾಗೆ ಬೆರಳೊತ್ತಿದರೆ ಮಧ್ಯಮ. ಇನ್ನೂ ಮೇಲೆ ಸರಿದು, ಮೂರರಲ್ಲಿ ಎರಡು ಪಾಲು ಉಳಿಸಿಕೊಂಡರೆ ಪಂಚಮ. ತಂತಿ ಗಿಡ್ಡವಾದಷ್ಟೂ ದನಿ ಎತ್ತರ. ಇದು ರಬ್ಬರ್ ಬ್ಯಾಂಡ್ ಮಿಡಿಯುವ ಮಕ್ಕಳಿಗೂ ಗೊತ್ತು. ತಮ್ಮ ಕೋಷ್ಟಕದಲ್ಲಿ ಈ ಎರಡು ಸಾಲು ಅದಲುಬದಲಾಗಿವೆ. ಅದರಂತೆ ನಡೆದರೆ ಸ, ರಿ, ಗ ಎಂದು ಮೆಟ್ಟಿಲು ಹತ್ತಿದವನು ಮ ಎನ್ನುವಾಗ ಎರಡು ಮೆಟ್ಟಿಲು ನೆಗೆದು, ಪ ಎನ್ನುವಾಗ ಒಂದು ಮೆಟ್ಟಿಲು ಜಾರಿ, ಧ ಎನ್ನುವಷ್ಟರಲ್ಲಿ ಸೊಂಟ ಉಳುಕಿಸಿಕೊಂಡಿರುತ್ತಾನೆ. ಅಚ್ಚುಕೂಟದ ಕೈತಪ್ಪು, ಬೇರೇನಿಲ್ಲ. ಆದರೆ ಎಷ್ಟೋ ಮುದ್ರಣಗಳು ಬಂದರೂ, ಎಷ್ಟೋ ತಂಡಗಳು ಅದನ್ನೇ ಉರುಹೊಡೆದು ಪದವಿ ಪಡೆದರೂ, ಯಾರಿಗೂ ಅದು ಕಾಣಲಿಲ್ಲ. ಕಾಣುವುದಾದರೂ ಹೇಗೆ? ಒಂದೇ ಒಂದು ಸಲ ಒಂದೇ ಒಂದು ತಂತಿ ಬಿಗಿದು ನೋಡಿದ್ದರೆ ತಾನೆ!

ಪರೀಕ್ಷೆಯಲ್ಲಿ ಈ ಕೋಷ್ಟಕವೇ ದೊಡ್ಡ ಪ್ರಶ್ನೆಯಾಗಿ ಬಂತು. ನಾನು ತಂತಿಯ ಪ್ರಶ್ನೆ ಬಿಟ್ಟು ಐಚ್ಛಿಕವಾಗಿದ್ದ ಇನ್ನೊಂದನ್ನು ಬರೆದಿದ್ದೆ. ಮೈನಾ ಮಾತ್ರ ಇದನ್ನೇ ಆರಿಸಿ, ಸರಿಯಾದದ್ದನ್ನು ಬರೆದು, ಪುಸ್ತಕದಲ್ಲಿ ಹೀಗೇಕೆ ತಪ್ಪಾಗಿರಬಹುದೆಂದು ಕೆಳಗೆ ವಿನಯದಿಂದ ಎರಡು ಮಾತು ಸೇರಿಸಿದಳು. ತಾವು ಅಡ್ಡಗೆರೆ ಎಳೆದು ಅವಳನ್ನು ಫೇಲು ಮಾಡಿದಿರಿ.

ಅವಳು ಅಳಲಿಲ್ಲ. ನಾನೇ ಕೈಹಿಡಿದು ತಮ್ಮ ಕೋಣೆಗೆ ಕರೆದುಕೊಂಡು ಬಂದೆ. ಮನೆಯಿಂದ ನನ್ನ ತಂತಿವಾದ್ಯವನ್ನೂ ಹೊತ್ತು ತಂದಿದ್ದೆ. ತಮ್ಮ ಮೇಜಿನ ಮೇಲಿದ್ದ ಫೈಲು ಸರಿಸಿ, ಅಳತೆಯ ಟೇಪು ಹಿಡಿದು, ತಮ್ಮೆದುರೇ ಗುರುತು ಹಾಕಿ, ಮೊದಲು ಒಂದು, ಆಮೇಲೆ ಇನ್ನೊಂದು ಮಿಡಿದೆ. ತಾವು ಕಣ್ಣುಮುಚ್ಚಿ ಕೇಳಿದಿರಿ. ಆ ಕೋಣೆಯಲ್ಲಿ ಹಿಂದೆಂದೂ ತಂತಿ ಮಿಡಿದಿರಲಿಕ್ಕಿಲ್ಲ. ಕಿಟಕಿಯ ಗಾಜು ಕೂಡ ಕಿವಿಗೊಟ್ಟ ಹಾಗಿತ್ತು. ತಮ್ಮ ಬೆರಳೊಂದು ಮೇಜಿನ ಮೇಲೆ ತಾನಾಗಿ ಅಲ್ಲಾಡಿದ್ದನ್ನೂ ಕಂಡೆ. ಆಮೇಲೆ ತಾವು ಕಣ್ತೆರೆದು ಹೇಳಿದಿರಿ: "ನೋಡೀಮ್ಮ, ನಿಮ್ದು ಲೌಕಿಕ ಕಿವಿ. ಶಾಸ್ತ್ರಕ್ಕೆ ಬೇಕಾದ ಕಿವಿ ಬೇರೆ. ತಂತಿ ತಪ್ಪು ಹೇಳಬಹುದು, ಹವೆ ಬದಲಾದ್ರೆ ಸಡಿಲ ಆಗುತ್ತೆ. ಅಚ್ಚಾಗಿರೋ ಪುಸ್ತಕ ಸಡಿಲ ಆಗಲ್ಲ."

ಮೈನಾ ಮೆಲ್ಲಗೆ, "ಸರ್, ನಿಮಗೂ ಕೇಳಿಸ್ತಲ್ವಾ?" ಎಂದಳು. ತಾವು ಗಂಟೆ ಒತ್ತಿ ಗುಮಾಸ್ತರನ್ನು ಕರೆದಿರಿ.

ಮರುವಾರ ವಿಭಾಗದ ಸಭೆ ಸೇರಿತು. ಪಂಚಮ ಮಧ್ಯಮಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಕೈಯೆತ್ತಿಸಿ ನಿರ್ಧರಿಸಿದ ಸಭೆ ಜಗತ್ತಿನಲ್ಲಿ ಅದೊಂದೇ ಇರಬೇಕು. ಹಿರಿಯ ಉಪನ್ಯಾಸಕಿಯೊಬ್ಬರು "ಒಮ್ಮೆ ಹಾಡಿ ನೋಡೋಣ್ವೇ?" ಎಂದು ಬಾಯಿ ತೆರೆಯಲು ಹೋದಾಗ, ಅದು ಕಾರ್ಯಸೂಚಿಯಲ್ಲಿಲ್ಲವೆಂದು ಕೂರಿಸಿದಿರಂತೆ. ಪಂಚಮ ಬಹುಮತದಿಂದ ಸೋತು ಕೆಳಗಿಳಿಯಿತು. ಮೈನಾ ಆ ಸುದ್ದಿ ಕೇಳಿ ಪುಸ್ತಕ ಎತ್ತಿಕೊಂಡು ಹೋದವಳು ಮತ್ತೆ ಬರಲಿಲ್ಲ. ಅವಳ ಜಾಗದಲ್ಲಿ ನನ್ನ ಕೊಡೆ ಇಟ್ಟುಕೊಂಡೆ. ಬೇರೆ ಯಾರೂ ಬಂದು ಕೂರದಿರಲೆಂದು.

ಅಷ್ಟರಲ್ಲಿ ವಿಭಾಗದ ವಾರ್ಷಿಕೋತ್ಸವ ಬಂತು. ಹೊರಗಿನಿಂದ ದೊಡ್ಡ ದೊಡ್ಡ ವಿದ್ವಾಂಸರು ಬರುವವರಿದ್ದರು. ತಾವು ಚಿಕ್ಕ ವಯಸ್ಸಿನಲ್ಲಿ ಕಟ್ಟಿದ್ದ ಸ್ವಾಗತ ಗೀತೆಯೊಂದರ ಸ್ವರಪ್ರಸ್ತಾರವನ್ನು ನನ್ನ ಕೈಗೆ ಕೊಟ್ಟು, "ಶಾಲೇಲಿ ಮಕ್ಕಳಿಗೆ ಕಲಿಸಿ ಅಭ್ಯಾಸ ಇದೆಯಲ್ಲ ನಿಮಗೆ, ಮೊದಲ ವರ್ಷದವರನ್ನ ತಯಾರು ಮಾಡಿ" ಎಂದಿರಿ. ಇಂಥ ಗೌರವಕ್ಕೆ ನಾನು ಅರ್ಹಳೇ ಎಂದು ಎದೆ ತುಂಬಿ ಬಂತು. ಹುಡುಗಿಯರನ್ನು ಮನೆಗೇ ಕರೆಸಿ, ನಡುಮನೆಯಲ್ಲಿ ಕೂರಿಸಿ, ತಂತಿವಾದ್ಯಕ್ಕೆ ತಮ್ಮ ಕೋಷ್ಟಕದ ಪ್ರಕಾರ, ಒಂದು ನೂಲೂ ಆಚೀಚೆಯಾಗದಂತೆ ಗುರುತು ಹಾಕಿ, ಪ್ರಸ್ತಾರದಲ್ಲಿ ಪ ಎಂದಿದ್ದಲ್ಲಿ ಕೋಷ್ಟಕದ ಪ, ಮ ಎಂದಿದ್ದಲ್ಲಿ ಕೋಷ್ಟಕದ ಮ ಹಾಡಿಸಿದೆ. ವಿಷಯ ಏನೆಂದು ಅವರಿಗೆ ಮೊದಲೇ ತಿಳಿಸಿದ್ದೆ. ಒಬ್ಬಳೂ ಹಿಂದೆ ಸರಿಯಲಿಲ್ಲ. ತಪ್ಪು ಹಾಡುವುದು ಸರಿ ಹಾಡುವುದಕ್ಕಿಂತ ಎಷ್ಟು ಕಷ್ಟ ಎಂದು ನನಗೆ ಆಗಲೇ ಗೊತ್ತಾದದ್ದು. ಗಂಟಲು ಮತ್ತೆ ಮತ್ತೆ ತನ್ನ ಮನೆಗೇ ಓಡುತ್ತಿತ್ತು. ನನ್ನ ಗಂಡ ಬಾಗಿಲಲ್ಲಿ ನಿಂತು, "ಏನೇ ಇದು, ಯಾರಿಗಾದ್ರೂ ಹಲ್ಲು ನೋವಾ?" ಎಂದರು.

ಉತ್ಸವದ ದಿನ ಸಭಾಂಗಣ ತುಂಬಿತ್ತು. ಅತಿಥಿಗಳ ನಡುವೆ ತಾವು ಗರಿಗರಿ ಅಂಗಿ ತೊಟ್ಟು ಕೂತಿದ್ದಿರಿ. ಹುಡುಗಿಯರು ಶುರುಮಾಡಿದರು. ಮೊದಲ ಸಾಲಿಗೆ ಒಬ್ಬ ವಿದ್ವಾಂಸರು ಕನ್ನಡಕ ತೆಗೆದರು. ಎರಡನೆಯ ಸಾಲಿಗೆ ಪಕ್ಕದವರು ಕೆಮ್ಮಿದರು. ತಮ್ಮ ಮುಖ ಬಿಳುಚಿತು, ಕೆಂಪಾಯಿತು, ಕೈ ಕುರ್ಚಿಯ ಹಿಡಿ ಹಿಚುಕುತ್ತಿತ್ತು. ಪಲ್ಲವಿ ಮರಳಿ ಬರುವಷ್ಟರಲ್ಲಿ ತಾವು ತಡೆಯಲಾರದೆ ಎದ್ದು ನಿಂತು, ಧ್ವನಿವರ್ಧಕದ ಹಂಗಿಲ್ಲದೆ ಕೂಗಿದಿರಿ: "ಅದು ಪಂಚಮ ಅಲ್ಲ ಕಣ್ರೇ! ಮಧ್ಯಮ ಹಿಡಿದಿದೀರಿ! ಮೇಲೆ, ಇನ್ನೂ ಮೇಲೆ, ಇಲ್ಲಿ!"

ಮತ್ತು ಹಾಡಿ ತೋರಿಸಿದಿರಿ.

ಮಾನ್ಯರೇ, ಇಲ್ಲಿಯವರೆಗೆ ಬರೆದದ್ದರಲ್ಲಿ ವ್ಯಂಗ್ಯ ಎಲ್ಲಿ, ಮೆಚ್ಚುಗೆ ಎಲ್ಲಿ ಎಂದು ತಮಗೆ ಗೊಂದಲವಾಗಿದ್ದರೆ, ಈ ಒಂದು ಮಾತನ್ನು ನೇರವಾಗಿ ಓದಿಕೊಳ್ಳಿ: ತಮ್ಮ ಕಂಠ ಅದ್ಭುತವಾಗಿತ್ತು. ಪಂಚಮಕ್ಕೆ ಹೋಗಿ ನಿಂತ ಆ ದನಿಗೆ ಒಂದು ತೊದಲಿಲ್ಲ, ಒಂದು ನಡುಕವಿಲ್ಲ. ಹುಡುಗಿಯರು ಯಾರೂ ಹೇಳದೆಯೇ ತಮ್ಮ ದನಿಗೆ ಬಂದು ಸೇರಿಕೊಂಡರು. ಎರಡು ಸಾಲು ಹಾಡಿದ ಮೇಲೆ ತಾವು ಎಲ್ಲಿದ್ದೀರೆಂದು ನೆನಪಾದವರ ಹಾಗೆ ಬಾಯಿ ಮುಚ್ಚಿ ಕೂತಿರಿ. ನನಗೆ ನಗು ಬರಬೇಕಿತ್ತು, ಅದಕ್ಕೆಂದೇ ಅಷ್ಟು ದಿನ ಒದ್ದಾಡಿದ್ದೆ. ಬಂದದ್ದು ಸಿಟ್ಟು. ಇಷ್ಟು ಒಳ್ಳೆಯ ಕಿವಿ ಇದ್ದೂ ತಾವು ಆ ಹುಡುಗಿಯ ಮುಂದೆ ಕಿವುಡರಾದಿರಿ. ಕೇಳಿಸದವರು ಫೇಲು ಮಾಡಿದ್ದರೆ ಕ್ಷಮಿಸಬಹುದಿತ್ತು.

ಮರುದಿನ ತಮ್ಮ ಸುತ್ತೋಲೆ ಬಂತು: ಉತ್ಸವದಲ್ಲಿ ಅಧ್ಯಕ್ಷರು ಹಾಡಿದ್ದು ಅವರ ವೈಯಕ್ತಿಕ ನೆಲೆಯಲ್ಲಿ, ವಿಭಾಗದ ನಿಲುವಿಗೂ ಅದಕ್ಕೂ ಸಂಬಂಧವಿಲ್ಲ. ನಾನು ಮೈನಾಳನ್ನು ಹುಡುಕಿಕೊಂಡು ಹೋದೆ. ಅವಳು ಈಗ ಪೇಟೆಯಲ್ಲಿ ವಾದ್ಯ ರಿಪೇರಿಯ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ, ಅಂಟಿನ ವಾಸನೆಯ ನಡುವೆ ಸ್ಟೂಲಿನ ಮೇಲೆ ಕೂತಿರುತ್ತಾಳೆ. ನಡೆದದ್ದನ್ನೆಲ್ಲ ಹೇಳಿ, ತರಗತಿಗೆ ಮರಳಿ ಬಾ ಎಂದೆ. ಹೊಟ್ಟೆ ಹಿಡಿದು ನಕ್ಕಳು, ಆಮೇಲೆ, "ಚೆನ್ನಾಗಿ ಹಾಡಿದ್ರಾ ಅಕ್ಕಾ? ನಿಜವಾಗ್ಲೂ?" ಎಂದು ಕೇಳಿದಳು. ಹೌದೆಂದೆ. "ಹಾಗಾದ್ರೆ ನಾನು ಬರಲ್ಲ" ಎಂದಳು. ಎಷ್ಟು ಕೇಳಿಕೊಂಡರೂ ಮತ್ತೆ ಆ ಮಾತೆತ್ತಲಿಲ್ಲ.

ಆದ್ದರಿಂದ ನನ್ನ ಬೇಡಿಕೆಗಳು ಸಣ್ಣವು. ಮೈನಾಳ ಉತ್ತರಕ್ಕೆ ಸಲ್ಲಬೇಕಾದ ಅಂಕ ಕೊಟ್ಟು, ಪತ್ರ ಕಳಿಸದೆ, ತಾವೇ ಆ ಅಂಗಡಿಗೆ ನಡೆದು ಹೋಗಿ ಬಾಯಲ್ಲಿ ಹೇಳತಕ್ಕದ್ದು. ಅದು ನಿಯಮಕ್ಕೆ ವಿರುದ್ಧವಾದರೆ, ತುಂಬಿದ ಸಭೆಯಲ್ಲಿ ಅದೇ ಉತ್ತರವನ್ನು ಹಾಡಿ ಹೇಳಿದ ತಮ್ಮನ್ನೂ ಅದೇ ಪತ್ರಿಕೆಯಲ್ಲಿ ಫೇಲು ಮಾಡಿ, ಕೊನೆಯ ಬೆಂಚಿನಲ್ಲಿ ಕೂರಿಸತಕ್ಕದ್ದು. ನನ್ನ ಕೊಡೆ ಎತ್ತಿಕೊಂಡು ಜಾಗ ಮಾಡಿಕೊಡುತ್ತೇನೆ. ಅದೂ ಆಗದಿದ್ದಲ್ಲಿ, ಮುಂದಿನ ಸಭೆಯಲ್ಲಿ ಸೂರ್ಯ ಯಾವ ದಿಕ್ಕಿನಲ್ಲಿ ಹುಟ್ಟಬೇಕೆಂಬ ವಿಷಯವನ್ನೂ ಮತಕ್ಕೆ ಹಾಕಿಸಬೇಕಾಗಿ ಕೋರಿಕೆ. ನನ್ನ ಕಿಟಕಿಗೆ ಮಧ್ಯಾಹ್ನದ ಬಿಸಿಲು ಬಹಳ.

ಶಾಸ್ತ್ರದ ಪ್ರಕಾರ ಎಷ್ಟು ಸಲ್ಲುತ್ತದೋ ಅಷ್ಟು ಗೌರವದೊಂದಿಗೆ,

ತಮ್ಮ ವಿಶ್ವಾಸಿ,
ಲೌಕಿಕ ಕಿವಿಯ ಸಂಗೀತದ ಟೀಚರು

ವಿ.ಸೂ.: ತಮ್ಮ ಪುಸ್ತಕದ ಹೊಸ ಮುದ್ರಣ ನಿನ್ನೆ ಕೈಸೇರಿತು. ಮಧ್ಯಮ ಪಂಚಮಗಳು ಸದ್ದಿಲ್ಲದೆ ತಮ್ಮ ತಮ್ಮ ಜಾಗಕ್ಕೆ ಮರಳಿರುವುದನ್ನು ಕಂಡು ಕಣ್ಣು ತುಂಬಿತು. ಈ ಸಲ ಧೈವತ ನಿಷಾದಗಳು ಅದಲುಬದಲಾಗಿವೆ. ಮುಂದಿನ ವಾರ್ಷಿಕೋತ್ಸವದ ದಿನಾಂಕ ತಿಳಿಸಿದರೆ ಹುಡುಗಿಯರನ್ನು ತಯಾರು ಮಾಡುತ್ತೇನೆ.